‘ಅರಳು ಮರಳು’ ಅಂತ ಬಿಟ್ಟುಬಿಟ್ಟರೆ ಹೇಗೆ? ಮರೆವಿನ ಕಾಯಿಲೆ ಮೊದಲು ಕಾಣೋದು ಊರಿನ ಸಿಸ್ಟರ್‌ಗೆ

ಮಡಿಕೇರಿ: ಆಶಾ ಕಾರ್ಯಕರ್ತೆಯರು ಮನೆ ಮನೆಗೆ ತರುವ ಆರೋಗ್ಯ ತಪಾಸಣೆ ಫಾರಂ ನೋಡಿದ್ದೀರಾ? ಅದರಲ್ಲಿ 60 ವರ್ಷ ದಾಟಿದವರಿಗೆ ಅಂತಲೇ ನಾಲ್ಕು ಪ್ರಶ್ನೆಗಳಿವೆ. ನಿಂತಾಗ, ನಡೆಯುವಾಗ ಆಯ ತಪ್ಪುತ್ತಾ, ಓಡಾಟಕ್ಕೆ ಅಡ್ಡಿಯಾಗುವ ದೈಹಿಕ ತೊಂದರೆ ಇದೆಯಾ, ಊಟ, ಸ್ನಾನಕ್ಕೆ ಬೇರೆಯವರ ಸಹಾಯ ಬೇಕಾ ಅನ್ನೋದು ಮೂರು. ನಾಲ್ಕನೆಯದು, ಹತ್ತಿರದವರ ಹೆಸರು ಅಥವಾ ಸ್ವಂತ ಮನೆಯ ವಿಳಾಸ ಮರೆತು ಹೋಗುತ್ತಾ ಅಂತ.

ನೆನಪಿನ ಬಗ್ಗೆ ಕೇಳೋದು ಇದೊಂದೇ. ಹೌದು ಅಥವಾ ಇಲ್ಲ ಅಂತ ಟಿಕ್ ಹಾಕಿದರೆ ಮುಗೀತು.

ಆದರೆ ಯೋಚನೆ ಮಾಡಿ. ಮಗನ ಹೆಸರು ಮರೆಯುವ ಹೊತ್ತಿಗೆ, ಹುಟ್ಟಿ ಬೆಳೆದ ಮನೆ ಯಾವುದು ಅಂತ ಗೊತ್ತಾಗದ ಹೊತ್ತಿಗೆ, ಕಾಯಿಲೆ ಶುರುವಾಗಿ ಎಷ್ಟೋ ವರ್ಷ ಆಗಿರುತ್ತೆ. ಈ ಪ್ರಶ್ನೆಗೆ ಹೌದು ಅಂತ ಉತ್ತರ ಬಂದರೆ ಅದು ಆರಂಭದ ಹಂತ ಅಲ್ಲ. ಅಂದ್ರೆ ಡಿಮೆನ್ಷಿಯಾವನ್ನು ಬೇಗ ಹಿಡಿಯಬೇಕು ಅಂತ ಪ್ರತಿ ಸೆಪ್ಟೆಂಬರ್ 21ರ ವಿಶ್ವ ಅಲ್ಝೈಮರ್ ದಿನದಂದು ಭಾಷಣ ಮಾಡುವ ನಾವು, ನಮ್ಮ ಕೈಲಿರುವ ಫಾರಂನಲ್ಲಿ ಅದನ್ನು ತಡವಾಗಿ ಹಿಡಿಯುವ ಪ್ರಶ್ನೆಯನ್ನೇ ಇಟ್ಟುಕೊಂಡಿದ್ದೇವೆ.

ನಮ್ಮ ಮನೆಯಲ್ಲೂ ಹೀಗೇ ಆಯ್ತು. ಅಜ್ಜಿಗೆ ಬಿಪಿ ಮಾತ್ರೆ ಪ್ರತಿ ತಿಂಗಳು ಬರುತ್ತಿತ್ತು. ಒಂದು ತಿಂಗಳು ಹದಿನೆಂಟೇ ದಿನಕ್ಕೆ ಖಾಲಿ, ಇನ್ನೊಂದು ತಿಂಗಳು ಅರ್ಧಕ್ಕರ್ಧ ಡಬ್ಬಿಯಲ್ಲೇ. ವಯಸ್ಸಾಯ್ತಲ್ಲ ಅಂತ ನಾವು ಸುಮ್ಮನಾದೆವು. ಮಾತ್ರೆ ಕೊಡುವವರೂ ಕೇಳಲಿಲ್ಲ. ಕಾಯಿಲೆಗೆ ಹೆಸರು ಸಿಕ್ಕಿದ್ದು ಮೂರು ವರ್ಷದ ನಂತರ, ದೂರದ ದೊಡ್ಡ ಆಸ್ಪತ್ರೆಯಲ್ಲಿ. ಅಷ್ಟರಲ್ಲಿ ಅಜ್ಜಿಗೆ ನಮ್ಮಲ್ಲಿ ಯಾರು ಯಾರು ಅನ್ನೋದೇ ಗೊತ್ತಾಗುತ್ತಿರಲಿಲ್ಲ. ಈಗ ಹಿಂದೆ ತಿರುಗಿ ನೋಡಿದರೆ ಮೊದಲ ಸೂಚನೆ ಆ ಮಾತ್ರೆ ಡಬ್ಬಿಯಲ್ಲೇ ಇತ್ತು.

ಡಾಕ್ಟರ್‌ಗಿಂತ ಮೊದಲು ಆ ಡಬ್ಬಿ ನೋಡೋದು ಸಿಸ್ಟರ್. ಹಾಗಾಗಿ ಮರೆವಿನ ಕಾಯಿಲೆ ಗುರುತಿಸುವ ಕೆಲಸದಲ್ಲಿ ನರ್ಸ್‌ಗಳಿಗೆ ಈಗಿರುವುದಕ್ಕಿಂತ ದೊಡ್ಡ ಜವಾಬ್ದಾರಿ ಮತ್ತು ಅದಕ್ಕೆ ತಕ್ಕ ಅಧಿಕಾರ ಕೊಡಬೇಕು ಅನ್ನೋ ಚರ್ಚೆ ಕೊಡಗಿಗೆ ಬೇರೆಲ್ಲ ಕಡೆಗಿಂತ ಹೆಚ್ಚು ಅನ್ವಯಿಸುತ್ತೆ.

ಜಿಲ್ಲೆಯಲ್ಲಿ ಎಷ್ಟು ಜನ?

ದೇಶದ ಮಟ್ಟದಲ್ಲಿ ನಡೆದ ಲಾಸಿ-ಡ್ಯಾಡ್ ಅಧ್ಯಯನದ ಅಂದಾಜು 2023ರಲ್ಲಿ ಪ್ರಕಟವಾಯ್ತು. ಅದರ ಪ್ರಕಾರ 60 ದಾಟಿದ ಭಾರತೀಯರಲ್ಲಿ ಶೇ 7.4ರಷ್ಟು ಮಂದಿಗೆ ಡಿಮೆನ್ಷಿಯಾ ಇದೆ. ಅಂದ್ರೆ ಸುಮಾರು 88 ಲಕ್ಷ ಜನ. ಗಂಡಸರಲ್ಲಿ ಇದು ಶೇ 5.8, ಹೆಂಗಸರಲ್ಲಿ ಶೇ 9. ಪೇಟೆಯಲ್ಲಿ ಶೇ 5.3 ಇದ್ದರೆ ಹಳ್ಳಿಯಲ್ಲಿ ಶೇ 8.4.

ಈ ಅಂಕಿಗಳನ್ನು ಕೊಡಗಿಗೆ ಇಟ್ಟು ನೋಡಿ. 2011ರ ಜನಗಣತಿಯಲ್ಲಿ ಜಿಲ್ಲೆಯ ಜನಸಂಖ್ಯೆ 5,54,519. ರಾಜ್ಯದಲ್ಲಿ ಹಿರಿಯರ ಪಾಲು ಆಗ ಶೇ 9.5ರ ಆಸುಪಾಸು ಇತ್ತು. ಅದೇ ಲೆಕ್ಕ ಹಿಡಿದರೂ ನಮ್ಮಲ್ಲಿ 52 ಸಾವಿರಕ್ಕೂ ಹೆಚ್ಚು ಹಿರಿಯರು, ಅದರಲ್ಲಿ ಸುಮಾರು ನಾಲ್ಕು ಸಾವಿರ ಮಂದಿಗೆ ಡಿಮೆನ್ಷಿಯಾ. ಇದು ಸರ್ವೆ ಅಲ್ಲ, ಬರೀ ಗುಣಾಕಾರ. ಆದರೆ ಕೊಡಗು ಬಹುತೇಕ ಹಳ್ಳಿಗಳ ಜಿಲ್ಲೆ, ಗಂಡಸರಿಗಿಂತ ಹೆಂಗಸರು ಹೆಚ್ಚಿರುವ ಜಿಲ್ಲೆ. 1000 ಗಂಡಸರಿಗೆ 1019 ಹೆಂಗಸರು. ಮಕ್ಕಳು ಬೆಂಗಳೂರು, ಹೊರದೇಶ ಅಂತ ಹೋಗಿ, ತೋಟದ ಮನೆಯಲ್ಲಿ ವಯಸ್ಸಾದವರಿಬ್ಬರೇ ಉಳಿದಿರುವ ಜಿಲ್ಲೆ. ಹಾಗಾಗಿ ನಿಜವಾದ ಸಂಖ್ಯೆ ಈ ಗುಣಾಕಾರಕ್ಕಿಂತ ಕಮ್ಮಿ ಇರುವ ಸಾಧ್ಯತೆ ಕಡಿಮೆ.

ಇವರಲ್ಲಿ ಎಷ್ಟು ಜನರ ಚೀಟಿಯಲ್ಲಿ ಆ ಕಾಯಿಲೆಯ ಹೆಸರು ಬರೆದಿದೆ? 2021ರ ವಿಶ್ವ ಅಲ್ಝೈಮರ್ ವರದಿ ಹೇಳೋದು, ಜಗತ್ತಿನಲ್ಲಿ ನಾಲ್ಕರಲ್ಲಿ ಮೂವರಿಗೆ ಕಾಯಿಲೆ ಗುರುತಿಸಿರೋದೇ ಇಲ್ಲ, ಕೆಲವು ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಹತ್ತರಲ್ಲಿ ಒಂಬತ್ತು ಜನರಿಗೆ ಇಲ್ಲ ಅಂತ. ನಮ್ಮಲ್ಲಿ ಇದಕ್ಕೆ ಒಂದು ಗಾದೆಯೇ ಇದೆಯಲ್ಲ, ಅರವತ್ತಕ್ಕೆ ಅರಳು ಮರಳು. ಈ ಗಾದೆ ಹೇಳಿ ನಾವು ಕಾಯಿಲೆಯನ್ನು ವಯಸ್ಸಿನ ಲೆಕ್ಕಕ್ಕೆ ಬರೆದುಬಿಡ್ತೀವಿ.

ಸಿಸ್ಟರ್ ಯಾಕೆ?

ಮೊದಲ ಕಾರಣ ದೂರ. ನರರೋಗ ತಜ್ಞರನ್ನು ಹುಡುಕಿಕೊಂಡು ಇಲ್ಲಿನ ಜನ ಹೋಗೋದು ಮೈಸೂರಿಗೆ, ಮಂಗಳೂರಿಗೆ ಅಥವಾ ಬೆಂಗಳೂರಿನ ನಿಮ್ಹಾನ್ಸ್‌ಗೆ. ಮಡಿಕೇರಿಯಿಂದ ಮೈಸೂರೇ 120 ಕಿ.ಮೀ. ರೈಲು ಇಲ್ಲ. ಗಲಿಬಿಲಿಯಲ್ಲಿರುವ 78 ವರ್ಷದವರನ್ನು ಬಸ್‌ನಲ್ಲಿ ಕೂರಿಸಿಕೊಂಡು ಹೋಗಿ, ಟೋಕನ್ ತಗೊಂಡು, ವಾಪಸ್ ಕರ್ಕೊಂಡು ಬರೋದು ಎಷ್ಟು ಕಷ್ಟ ಅನ್ನೋದು ಮಾಡಿದವರಿಗೇ ಗೊತ್ತು. ಹಾಗಾಗಿ ‘ಮರೀತಾರೆ ಅಷ್ಟೇ, ಇದಕ್ಕೋಸ್ಕರ ಯಾಕೆ’ ಅಂತ ಮನೆಯವರು ಮುಂದೂಡುತ್ತಾರೆ.

ಎರಡನೇ ಕಾರಣ, ಸಿಸ್ಟರ್ ಈಗಾಗಲೇ ಊರಲ್ಲೇ ಇದ್ದಾರೆ. ಆಯುಷ್ಮಾನ್ ಆರೋಗ್ಯ ಮಂದಿರ ಅಂತ ಹೆಸರು ಬದಲಾದ ಉಪಕೇಂದ್ರಗಳಲ್ಲಿ ಸಮುದಾಯ ಆರೋಗ್ಯ ಅಧಿಕಾರಿ, ಅಂದ್ರೆ ಸಿಎಚ್‌ಒ ಇರ್ತಾರೆ. ಇವರಲ್ಲಿ ಹೆಚ್ಚಿನವರು ನರ್ಸಿಂಗ್ ಓದಿದವರು. ಜೊತೆಗೆ ನಾವು ಹಿಂದಿನಿಂದ ಎಎನ್‌ಎಂ ಸಿಸ್ಟರ್ ಅಂತ ಕರೆಯುವ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ. ಬಿಪಿ, ಶುಗರ್ ನೋಡೋದು, ತಿಂಗಳ ಮಾತ್ರೆ ಕೊಡೋದು ಇವರ ದಿನದ ಕೆಲಸ. ಈ ಕೇಂದ್ರಗಳು ಕೊಡಬೇಕಾದ 12 ಬಗೆಯ ಸೇವೆಗಳ ಪಟ್ಟಿಯಲ್ಲಿ ಹಿರಿಯರ ಆರೈಕೆಯೂ ಇದೆ, ಮಾನಸಿಕ ಆರೋಗ್ಯದ ತಪಾಸಣೆಯೂ ಇದೆ. ಅಂದ್ರೆ ಹೊಸ ಹುದ್ದೆ ಸೃಷ್ಟಿಸಬೇಕು ಅಂತ ಯಾರೂ ಕೇಳುತ್ತಿಲ್ಲ. ಕಾಗದದಲ್ಲಿ ಇರೋದನ್ನು ನಿಜ ಮಾಡಬೇಕು ಅಷ್ಟೇ.

ಸಣ್ಣ ಲೆಕ್ಕ ನೋಡಿ. ಗುಡ್ಡಗಾಡಿನಲ್ಲಿ 3,000 ಜನಕ್ಕೆ ಒಂದು ಉಪಕೇಂದ್ರ ಅನ್ನೋದು ಸರ್ಕಾರದ ಮಾನದಂಡ. ಅಷ್ಟು ಜನರಲ್ಲಿ ಹಿರಿಯರು ಹತ್ತಿರ ಹತ್ತಿರ 285. ಡಿಮೆನ್ಷಿಯಾ ಇರಬಹುದಾದವರು 20ರಿಂದ 25. ನಾಲ್ಕು ಸಾವಿರ ಅಂದ್ರೆ ಭಯ ಆಗುತ್ತೆ. ಇಪ್ಪತ್ತು ಮನೆ ಅಂದ್ರೆ ಮಾಡಬಹುದಾದ ಕೆಲಸ.

ಸಿಸ್ಟರ್ ಏನು ಮಾಡಬಹುದು, ಏನು ಮಾಡಬಾರದು

‘ನರ್ಸ್ ಹೇಗೆ ಡಯಾಗ್ನೋಸಿಸ್ ಮಾಡ್ತಾರೆ?’ ಅನ್ನೋದು ಮೊದಲ ಆಕ್ಷೇಪ. ಆಕ್ಷೇಪ ಸರಿಯಾಗಿಯೇ ಇದೆ. ಡಿಮೆನ್ಷಿಯಾ ಅಂತ ಕೊನೆಗೆ ಬರೆಯಬೇಕಾದವರು ವೈದ್ಯರೇ. ಆದರೆ ಆ ಕೊನೆಯ ಸಾಲಿಗೆ ಮುಂಚೆ ಮುಕ್ಕಾಲು ಪಾಲು ಕೆಲಸ ಇದೆ.

ಒಂದು, ಮನೆಯವರ ಜೊತೆ ಮಾತು. ಕಾಯಿಲೆ ಇದ್ದವರಿಗೆ ತಮಗೆ ಮರೆವು ಇದೆ ಅನ್ನೋದು ಎಷ್ಟೋ ಸಲ ಗೊತ್ತಿರಲ್ಲ. ಹಾಗಾಗಿ ಜೊತೆಯಲ್ಲಿರುವವರನ್ನು ಕೇಳಬೇಕು. ಒಂದೇ ಮಾತು ಮತ್ತೆ ಮತ್ತೆ ಕೇಳ್ತಾರಾ, ಆಳುಗಳ ಕೂಲಿ ಲೆಕ್ಕ ಮೊದಲು ಬಾಯಲ್ಲೇ ಹೇಳ್ತಿದ್ದವರು ಈಗ ತಪ್ಪುತ್ತಾರಾ, ನಲವತ್ತು ವರ್ಷ ಮಾಡಿದ ಅಡುಗೆಯಲ್ಲಿ ಉಪ್ಪು ಎರಡು ಸಲ ಬೀಳುತ್ತಾ, ಸ್ವಂತ ತೋಟದ ದಾರಿಯಲ್ಲೇ ಗಲಿಬಿಲಿ ಆಗ್ತಾರಾ ಅಂತ. ‘ಮೊದಲಿಗಿಂತ ಬದಲಾಗಿದ್ದಾರಾ’ ಅನ್ನೋದೇ ಮುಖ್ಯ ಪ್ರಶ್ನೆ.

ಎರಡು, ಸಣ್ಣ ಪರೀಕ್ಷೆ. ಮೂರು ಪದ ಹೇಳಿ ಸ್ವಲ್ಪ ಹೊತ್ತಿನ ನಂತರ ಕೇಳೋದು, ಒಂದು ನಿಮಿಷದಲ್ಲಿ ಎಷ್ಟು ಪ್ರಾಣಿಗಳ ಹೆಸರು ಹೇಳ್ತಾರೆ ಅಂತ ನೋಡೋದು. ಇವೆಲ್ಲ ಹತ್ತು ನಿಮಿಷದ ಕೆಲಸ.

ಮೂರು, ಇದೇ ನನ್ನ ಪ್ರಕಾರ ದೊಡ್ಡದು, ಬೇರೆ ಕಾರಣ ಇದೆಯಾ ಅಂತ ಹುಡುಕೋದು. ಥೈರಾಯ್ಡ್ ಏರುಪೇರು, ವಿಟಮಿನ್ ಬಿ12 ಕೊರತೆ, ಖಿನ್ನತೆ, ಕೆಲವು ನಿದ್ರೆ ಮಾತ್ರೆ, ಅತಿಯಾದ ಕುಡಿತ ಇವೆಲ್ಲ ಮರೆವಿನ ಹಾಗೇ ಕಾಣಿಸುತ್ತವೆ. ಇವುಗಳಿಗೆ ಚಿಕಿತ್ಸೆ ಇದೆ. ಕಿವಿ ಸರಿಯಾಗಿ ಕೇಳಿಸದವರು ತಪ್ಪು ಉತ್ತರ ಕೊಟ್ಟರೆ ಅದು ಮರೆವಲ್ಲ. ನಿನ್ನೆ ಮೊನ್ನೆ ಚೆನ್ನಾಗಿದ್ದವರು ಇವತ್ತು ಏಕಾಏಕಿ ಏನೇನೋ ಮಾತಾಡಿದರೆ ಅದು ಸೋಂಕಿನಿಂದ ಬಂದ ಸನ್ನಿ ಇರಬಹುದು. ಅವರನ್ನು ಅದೇ ದಿನ ಆಸ್ಪತ್ರೆಗೆ ಕಳಿಸಬೇಕು. ಮರೆವು ಅಂತ ಬಂದ ಹತ್ತು ಜನರಲ್ಲಿ ಒಬ್ಬರಿಗೆ ಬಿ12 ಇಂಜೆಕ್ಷನ್‌ನಿಂದ ಸರಿಹೋದರೂ ಆ ಮನೆಗೆ ಅದು ಎಷ್ಟು ದೊಡ್ಡದು!

ಇದು ನಡೆಯುತ್ತಾ ಅಂತ ಕೇಳಿದರೆ, ಪಕ್ಕದ ಕೇರಳದಲ್ಲಿ ನಡೆದಿದೆ. ತ್ರಿಶೂರ್ ಜಿಲ್ಲೆಯ ಹಳ್ಳಿ ಭಾಗದಲ್ಲಿ ಸ್ಥಳೀಯ ಕಾರ್ಯಕರ್ತೆಯರಿಗೆ ಎರಡೂವರೆ ಗಂಟೆಯ ತರಬೇತಿ ಕೊಟ್ಟು, ನಿಮ್ಮ ಊರಲ್ಲಿ ಯಾರಿಗೆ ಈ ಕಾಯಿಲೆ ಇರಬಹುದು ಅಂತ ಕೇಳಿದರು. ತಜ್ಞರು ಹೋಗಿ ನೋಡಿದಾಗ ಅವರು ಹೇಳಿದವರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಜನರಿಗೆ ನಿಜವಾಗಿಯೂ ಡಿಮೆನ್ಷಿಯಾ ಇತ್ತು. ಆ ಅಧ್ಯಯನ ಪ್ರಕಟವಾಗಿದ್ದು 2002ರಲ್ಲಿ. ಅವರು ನರ್ಸ್‌ಗಳೂ ಅಲ್ಲ. ನರ್ಸಿಂಗ್ ಓದಿ ಬಂದವರಿಗೆ ಸರಿಯಾದ ತರಬೇತಿ ಕೊಟ್ಟರೆ ಇನ್ನೂ ಚೆನ್ನಾಗಿ ಮಾಡುತ್ತಾರೆ ಅಂತ ನಂಬೋದಕ್ಕೆ ಇಷ್ಟು ಸಾಕಲ್ವಾ?

ಕರ್ನಾಟಕಕ್ಕೂ ಇದು ಹೊಸದಲ್ಲ. 1970ರ ದಶಕದಲ್ಲೇ ನಿಮ್ಹಾನ್ಸ್ ಬೆಂಗಳೂರು ಹೊರವಲಯದ ಸಕಲವಾರದಲ್ಲಿ ಹಳ್ಳಿಯ ಆರೋಗ್ಯ ಸಿಬ್ಬಂದಿಗೆ ಮಾನಸಿಕ ಕಾಯಿಲೆ ಗುರುತಿಸೋದನ್ನು ಕಲಿಸುವ ಪ್ರಯೋಗ ಶುರು ಮಾಡಿತ್ತು. 1980ರ ದಶಕದಲ್ಲಿ ಅದು ಬಳ್ಳಾರಿ ಜಿಲ್ಲೆಗೆ ಹೋಯ್ತು. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿದ್ದು ಬಳ್ಳಾರಿ ಮಾದರಿಯಿಂದ.

ಯಾವ ಭಾಷೆಯಲ್ಲಿ ಕೇಳೋದು?

ಕೊಡಗಿನಲ್ಲಿ ಇದೊಂದು ವಿಶೇಷ ತೊಡಕು. ಐಸಿಎಂಆರ್ ತಯಾರಿಸಿದ ನೆನಪಿನ ಪರೀಕ್ಷೆಗಳ ಕಟ್ಟು ಐದು ಭಾರತೀಯ ಭಾಷೆಗಳಲ್ಲಿದೆ. ಅದರಲ್ಲಿ ಕನ್ನಡವೂ ಇದೆ, ಮಲಯಾಳಂ ಕೂಡ ಇದೆ. ಒಳ್ಳೆಯದೇ. ಆದರೆ ನಮ್ಮ ಹಿರಿಯರು ಮನೆಯಲ್ಲಿ ಆಡುವ ಮಾತು ಕೊಡವ ತಕ್ಕ್, ಅರೆಭಾಷೆ, ತುಳು, ಬ್ಯಾರಿ, ಎರವ, ಜೇನುಕುರುಬ ಭಾಷೆ. 2011ರ ಜನಗಣತಿಯಲ್ಲಿ ಕೊಡವ ತಕ್ಕ್ ಮಾತೃಭಾಷೆ ಅಂತ ಹೇಳಿದವರೇ ಒಂದು ಲಕ್ಷಕ್ಕೂ ಹೆಚ್ಚು. ಮರೆವು ಬಂದವರು ಎಷ್ಟೋ ಸಲ ಆಮೇಲೆ ಕಲಿತ ಭಾಷೆಯನ್ನು ಮೊದಲು ಕಳೆದುಕೊಂಡು ತಾಯಿ ಮಾತಿಗೆ ವಾಪಸ್ ಹೋಗ್ತಾರೆ. ಅಂಥವರನ್ನು ಪುಸ್ತಕದ ಕನ್ನಡದಲ್ಲಿ ಕೇಳಿ ಅಂಕ ಕಮ್ಮಿ ಬಂತು ಅಂದ್ರೆ ಅದು ಯಾರ ತಪ್ಪು?

ಹಾಡಿಗಳಲ್ಲಿ, ತೋಟದ ಲೈನ್ ಮನೆಗಳಲ್ಲಿ ಇರುವ ಹಿರಿಯರಲ್ಲಿ ಶಾಲೆಗೇ ಹೋಗದವರು ಬಹಳ. ಅವರಿಗೆ ಪೆನ್ನು ಕೊಟ್ಟು ಗಡಿಯಾರ ಬರೆಯಿರಿ ಅಂದ್ರೆ ನೆನಪು ಸರಿಯಿದ್ದರೂ ಬರೆಯೋಕಾಗಲ್ಲ. ಹರಿಯಾಣದ ಬಲ್ಲಭಗಢದಲ್ಲಿ ಓದು ಬರಹ ಬಾರದ ಹಳ್ಳಿ ಹಿರಿಯರಿಗೆ ಅಂತಲೇ 1990ರ ದಶಕದಲ್ಲಿ ಹಿಂದಿಯಲ್ಲಿ ಪರೀಕ್ಷೆ ರೂಪಿಸಿದ್ದರು. ಅದೇ ದಾರಿಯಲ್ಲಿ ಇಲ್ಲಿನ ಬದುಕಿಗೆ ಹೊಂದುವ ಪ್ರಶ್ನೆ ಬೇಕು. ಇವತ್ತು ತಾರೀಕು ಎಷ್ಟು ಅನ್ನೋದರ ಜೊತೆಗೆ, ಈಗ ಕಾಫಿ ಕೊಯ್ಯುವ ಸಮಯವಾ, ಮಳೆಗಾಲವಾ ಅಂತ ಕೇಳಬಹುದು. ಪುತ್ತರಿ ಮುಗಿದಿದೆಯಾ, ಇನ್ನು ಬರಬೇಕಾ ಅಂತ ಕೇಳಬಹುದು. ಆದರೆ ಇದನ್ನು ಒಬ್ಬೊಬ್ಬ ಸಿಸ್ಟರ್ ತಮಗೆ ತೋಚಿದ ಹಾಗೆ ಮಾಡಿದರೆ ಆಗಲ್ಲ. ಮಡಿಕೇರಿ ಮೆಡಿಕಲ್ ಕಾಲೇಜು ಮತ್ತು ನಿಮ್ಹಾನ್ಸ್ ಸೇರಿ ಪರೀಕ್ಷಿಸಿ ಕೊಡಬೇಕು. ಆ ಭಾಷೆ ಬಲ್ಲ ಸಿಸ್ಟರ್‌ಗಳು, ಆಶಾ ಕಾರ್ಯಕರ್ತೆಯರು ಇಲ್ಲೇ ಇದ್ದಾರೆ. ಭಾಷಾಂತರಕ್ಕೆ ಕೂರಿಸಿದರೆ ಆಯ್ತು.

ಆನೆ, ಕೋವಿ, ಆಸ್ತಿ

ಬೇಗ ಗೊತ್ತಾದರೆ ಏನು ಪ್ರಯೋಜನ, ಗುಣ ಆಗಲ್ಲವಲ್ಲ ಅಂತ ತುಂಬಾ ಜನ ಕೇಳ್ತಾರೆ. ಅಲ್ಝೈಮರ್ ವಾಸಿ ಮಾಡುವ ಔಷಧಿ ಇಲ್ಲ ಅನ್ನೋದು ನಿಜ. ಇರುವ ಮಾತ್ರೆಗಳು ಕೆಲವರಿಗೆ ಲಕ್ಷಣಗಳನ್ನು ಸ್ವಲ್ಪ ಕಾಲ ಹತೋಟಿಯಲ್ಲಿಡುತ್ತವೆ ಅಷ್ಟೇ. ಆದರೂ ಬೇಗ ಗೊತ್ತಾಗಬೇಕು ಅನ್ನೋದಕ್ಕೆ ಕೊಡಗಿನಲ್ಲಿ ಮೂರು ಗಟ್ಟಿ ಕಾರಣಗಳಿವೆ.

ಮೊದಲನೆಯದು ಆನೆ. ಮರೆವು ಇರುವವರು ಸಂಜೆ ಹೊತ್ತು ಮನೆ ಬಿಟ್ಟು ಹೊರಡೋದು ಎಲ್ಲ ಕಡೆಯೂ ಇದೆ. ಬೇರೆ ಊರಲ್ಲಿ ಅವರು ಬಸ್ ಸ್ಟ್ಯಾಂಡಿನಲ್ಲಿ ಸಿಗಬಹುದು. ಸಿದ್ದಾಪುರ, ಮಾಲ್ದಾರೆ, ಪಾಲಿಬೆಟ್ಟ ಕಡೆ ಕತ್ತಲಾದ ಮೇಲೆ ತೋಟದೊಳಗೆ ಹೋದವರ ಗತಿ ಏನು ಅಂತ ಇಲ್ಲಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ಮೊದಲೇ ಗೊತ್ತಿದ್ದರೆ ಗೇಟಿಗೆ ಚಿಲಕ, ಜೇಬಲ್ಲಿ ಫೋನ್ ನಂಬರ್ ಇರುವ ಚೀಟಿ, ಅಕ್ಕಪಕ್ಕದವರಿಗೆ ಒಂದು ಮಾತು, ಇಷ್ಟಾದರೂ ಮಾಡಬಹುದು.

ಎರಡನೆಯದು ಕೋವಿ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಲೈಸನ್ಸ್ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಗೃಹ ಇಲಾಖೆ ಅದನ್ನು 2029ರವರೆಗೆ ವಿಸ್ತರಿಸಿತು. ಅದು ನಮ್ಮ ಸಂಪ್ರದಾಯ, ಹೆಮ್ಮೆ, ಅದರಲ್ಲಿ ತಕರಾರಿಲ್ಲ. ಆದರೆ ಮನೆಯವರನ್ನೇ ಕಳ್ಳ ಅಂತ ಅನುಮಾನಿಸುವುದು ಈ ಕಾಯಿಲೆಯ ಒಂದು ಲಕ್ಷಣ. ಅಂಥ ಮನೆಯಲ್ಲಿ ಕೋವಿ ಎಲ್ಲಿದೆ, ತೋಟೆ ಯಾರ ಹತ್ತಿರ ಇದೆ ಅನ್ನೋದನ್ನು ಯಾರಾದರೂ ಕೇಳಲೇಬೇಕು. ಪೊಲೀಸರು ಕೇಳಿದರೆ ಅವಮಾನ ಅನ್ನಿಸುತ್ತೆ. ದಿನಾ ಬರುವ ಸಿಸ್ಟರ್ ‘ಅಣ್ಣಾ, ಅದನ್ನ ಸ್ವಲ್ಪ ಬೀರಿನಲ್ಲಿ ಇಟ್ಟು ಕೀ ನೀವೇ ಇಟ್ಕೊಳ್ಳಿ’ ಅಂದ್ರೆ ಮನೆಯವರು ಕೇಳ್ತಾರೆ.

ಮೂರನೆಯದು ಆಸ್ತಿ. ಡಿಮೆನ್ಷಿಯಾ ಅಂತ ಹೆಸರು ಬಿದ್ದರೆ ನಾಳೆ ಪಾಲು, ವಿಲ್ ವಿಷಯದಲ್ಲಿ ಅದನ್ನೇ ಹಿಡಿದು ಯಾರಾದರೂ ಕೋರ್ಟಿಗೆ ಹೋಗ್ತಾರೆ ಅನ್ನೋ ಭಯ ಎಷ್ಟೋ ಕುಟುಂಬಗಳಲ್ಲಿದೆ. ಅದಕ್ಕೇ ಮುಚ್ಚಿಡ್ತಾರೆ. ಆದರೆ ಕಾನೂನು ನೋಡೋದು ವಿಲ್ ಬರೆದ ಹೊತ್ತಿನಲ್ಲಿ ಮನಸ್ಸು ಸ್ಥಿಮಿತದಲ್ಲಿತ್ತಾ ಅನ್ನೋದನ್ನು. ಬರೀ ಕಾಯಿಲೆಯ ಹೆಸರಿನಿಂದ ವಿಲ್ ಬಿದ್ದುಹೋಗಲ್ಲ. ನಿಜ ಹೇಳಬೇಕಂದ್ರೆ ಬೇಗ ಗೊತ್ತಾದವರಿಗೇ ಅನುಕೂಲ. ಬುದ್ಧಿ ಸರಿಯಿರುವಾಗಲೇ, ವೈದ್ಯರ ಪ್ರಮಾಣಪತ್ರದ ಜೊತೆ, ತಮ್ಮ ಆಸ್ತಿ, ತಮ್ಮ ಆರೈಕೆ ಬಗ್ಗೆ ತಾವೇ ತೀರ್ಮಾನ ಮಾಡಬಹುದು. ತಡವಾದರೆ ಬೇರೆಯವರು ಮಾಡ್ತಾರೆ.

ಇಲ್ಲಿ ಸಿಸ್ಟರ್ ಮೇಲೂ ಒಂದು ಹೊಣೆ ಇದೆ. ಸಣ್ಣ ಊರು, ಎಲ್ಲರಿಗೂ ಎಲ್ಲರೂ ಗೊತ್ತು. ಮಾನಸಿಕ ಆರೋಗ್ಯ ರಕ್ಷಣೆ ಕಾಯ್ದೆ 2017ರ 23ನೇ ಸೆಕ್ಷನ್ ಮಾಹಿತಿ ಗೋಪ್ಯವಾಗಿಡುವ ಹಕ್ಕು ಕೊಡುತ್ತೆ. ತರಬೇತಿಯ ಮೊದಲ ಪಾಠ ಇದೇ ಆಗಿರಬೇಕು. ಒಂದು ಸಲ ಬಾಯಿ ತಪ್ಪಿದರೆ ಆಮೇಲೆ ಆ ಊರಲ್ಲಿ ಯಾರೂ ಬಾಯಿ ಬಿಡಲ್ಲ.

ಇನ್ನೊಂದು ರಿಜಿಸ್ಟರ್ ಆಗಬಾರದು

ಸಿಸ್ಟರ್‌ಗಳ ಕಡೆಯ ಮಾತನ್ನೂ ಹೇಳಲೇಬೇಕು. ಲಸಿಕೆ, ಗರ್ಭಿಣಿಯರ ದಾಖಲೆ, ಟಿಬಿ, ಬಿಪಿ-ಶುಗರ್, ಆ್ಯಪ್ ಎಂಟ್ರಿ ಅಂತ ಇರುವ ಕೆಲಸವೇ ಮುಗಿಯಲ್ಲ. ಸಿಎಚ್‌ಒಗಳು ಎನ್‌ಎಚ್‌ಎಂ ಅಡಿಯಲ್ಲಿ ಗುತ್ತಿಗೆ ಮೇಲೆ ಇರುವವರು. ಕಾಯಂ ಮಾಡಿ ಅಂತ ಎನ್‌ಎಚ್‌ಎಂ ನೌಕರರು 2023ರ ಫೆಬ್ರವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ದಿನಗಟ್ಟಲೆ ಕೂತಿದ್ದು ನೆನಪಿರಬಹುದು. ‘ಪಾತ್ರ ವಿಸ್ತರಣೆ’ ಅನ್ನೋ ಚೆಂದದ ಹೆಸರಲ್ಲಿ ಸಂಬಳ ಅಷ್ಟೇ ಇಟ್ಟು ಕೆಲಸ ಮಾತ್ರ ಜಾಸ್ತಿ ಮಾಡಿದರೆ ಏನಾಗುತ್ತೆ? ಟಿಕ್ ಬೀಳುತ್ತೆ, ತಪಾಸಣೆ ಆಗಲ್ಲ.

ಹಾಗಾಗಿ 60 ದಾಟಿದ ಎಲ್ಲರಿಗೂ ಪರೀಕ್ಷೆ ಮಾಡಿ ಅನ್ನೋ ಟಾರ್ಗೆಟ್ ಬೇಡ. ಅಮೆರಿಕದಲ್ಲಿ ಇಂಥ ಶಿಫಾರಸು ಮಾಡುವ ತಜ್ಞರ ಸಮಿತಿ ಕೂಡ 2020ರಲ್ಲಿ, ಲಕ್ಷಣ ಇಲ್ಲದ ಎಲ್ಲ ಹಿರಿಯರನ್ನು ತಪಾಸಣೆ ಮಾಡೋದರಿಂದ ಲಾಭ ಇದೆ ಅನ್ನೋದಕ್ಕೆ ಸಾಕಷ್ಟು ಪುರಾವೆ ಇಲ್ಲ ಅಂದಿತ್ತು. ಮನೆಯವರಿಗೆ ಅನುಮಾನ ಬಂದವರು, ಮಾತ್ರೆ ಲೆಕ್ಕ ತಪ್ಪಿದವರು, ಲಕ್ವ ಹೊಡೆದವರು, ಪದೇ ಪದೇ ಬೀಳುವವರು ಇಷ್ಟು ಜನರನ್ನು ಚೆನ್ನಾಗಿ ನೋಡಿದರೆ ಸಾಕು. ತ್ರಿಶೂರಿನಲ್ಲೂ ಮೂರರಲ್ಲಿ ಒಬ್ಬರ ವಿಷಯದಲ್ಲಿ ಅಂದಾಜು ತಪ್ಪಿತ್ತು ಅನ್ನೋದನ್ನು ಮರೆಯಬಾರದು. ಅದಕ್ಕೇ ಸಿಸ್ಟರ್ ‘ನಿಮಗೆ ಡಿಮೆನ್ಷಿಯಾ’ ಅಂತ ಹೇಳಬಾರದು, ‘ಒಮ್ಮೆ ಡಾಕ್ಟರ್ ಹತ್ತಿರ ನೋಡಿಸೋಣ’ ಅನ್ನಬೇಕು.

ನೋಡಿಸೋದು ಎಲ್ಲಿ?

ಎಲ್ಲ ಬಂದು ನಿಲ್ಲೋದು ಇಲ್ಲಿ. ರಾಜ್ಯ ಸರ್ಕಾರ, ನಿಮ್ಹಾನ್ಸ್, ನೀತಿ ಆಯೋಗ ಸೇರಿ 2022ರ ಜನವರಿಯಲ್ಲಿ ಕರ್ನಾಟಕ ಬ್ರೇನ್ ಹೆಲ್ತ್ ಇನಿಷಿಯೇಟಿವ್ ಶುರು ಮಾಡಿದವು. ಅದರ ರಾಯಭಾರಿಯಾಗಿ ಆರಿಸಿದ್ದು ಕೊಡಗು ಮೂಲದ ಕ್ರಿಕೆಟಿಗ ರಾಬಿನ್ ಉತ್ತಪ್ಪ ಅವರನ್ನೇ. ಪಾರ್ಶ್ವವಾಯು, ಮೂರ್ಛೆ ರೋಗ, ತಲೆನೋವು, ಡಿಮೆನ್ಷಿಯಾ ಈ ನಾಲ್ಕಕ್ಕೆ ಒತ್ತು. ಮೊದಲು ಬೆಂಗಳೂರು ದಕ್ಷಿಣ, ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಪ್ರಯೋಗ, ಆಮೇಲೆ ಬೇರೆ ಜಿಲ್ಲಾ ಆಸ್ಪತ್ರೆಗಳಿಗೂ ಬ್ರೇನ್ ಹೆಲ್ತ್ ಕ್ಲಿನಿಕ್ ವಿಸ್ತರಣೆ. ಯೋಜನೆಯಲ್ಲಿ ಪಿಎಚ್‌ಸಿ ವೈದ್ಯರಿಗೆ ತರಬೇತಿ ಕೊಡೋದೂ ಸೇರಿದೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡದಲ್ಲಿ ಮನೋವೈದ್ಯರ ಜೊತೆ ನರ್ಸ್ ಹುದ್ದೆಯೂ ಇದೆ.

ಅಂದ್ರೆ ಮೇಲೆ ಕ್ಲಿನಿಕ್‌ನ ಯೋಜನೆ ಇದೆ, ಕೆಳಗೆ ಸಿಸ್ಟರ್ ಇದ್ದಾರೆ. ಗಟ್ಟಿ ಆಗಬೇಕಾಗಿರೋದು ನಡುವಿನ ಕೊಂಡಿ. ಅದಕ್ಕೆ ಕೋಟಿಗಟ್ಟಲೆ ಬೇಡ. ಜಿಲ್ಲಾ ಆಸ್ಪತ್ರೆಯಲ್ಲಿ ವಾರದ ಒಂದು ದಿನ ಉಪಕೇಂದ್ರದಿಂದ ಬಂದ ಮರೆವಿನ ರೋಗಿಗಳಿಗೆ ಅಂತ ಗೊತ್ತುಪಡಿಸಲಿ. ಸಿಸ್ಟರ್ ಫೋನ್‌ನಲ್ಲೇ ದಿನಾಂಕ ತೆಗೆದುಕೊಳ್ಳುವ ಹಾಗಿರಲಿ. ಥೈರಾಯ್ಡ್, ಬಿ12 ರಕ್ತ ಪರೀಕ್ಷೆಗೆ ಪಿಎಚ್‌ಸಿ ವೈದ್ಯರ ಒಪ್ಪಿಗೆಯಲ್ಲಿ ಸಿಸ್ಟರ್ ಮೊದಲೇ ಬರೆದುಕೊಡಲಿ, ಎರಡು ಸಲ ಅಲೆಯೋದು ತಪ್ಪುತ್ತೆ. ನೋಡಿದ ಡಾಕ್ಟರ್ ಏನು ಹೇಳಿದರು ಅನ್ನೋ ಚೀಟಿ ವಾಪಸ್ ಉಪಕೇಂದ್ರಕ್ಕೆ ಬರಲಿ. ಫಾರಂನ ಆ ಒಂದು ಪ್ರಶ್ನೆಯ ಪಕ್ಕದಲ್ಲಿ ‘ಈ ವರ್ಷದಲ್ಲಿ ಮೊದಲಿಗಿಂತ ಬದಲಾಗಿದ್ದಾರಾ’ ಅಂತ ಇನ್ನೊಂದು ಸೇರಲಿ. ಒಂದು ಹೊಸ ಕಾಲಂ ಕೊಡುವಾಗ ಹಳೆಯದೊಂದನ್ನು ತೆಗೆಯಲಿ.

ಹೆಸರು ಗೊತ್ತಾದ ಮೇಲೂ ಸಿಸ್ಟರ್ ಕೆಲಸ ಮುಗಿಯಲ್ಲ. ಗೋವಾದಲ್ಲಿ ನಡೆದು 2008ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ತಜ್ಞರಲ್ಲದ ಸಲಹೆಗಾರರು ಮನೆಗೆ ಹೋಗಿ ಮಾತಾಡಿ, ಹೇಗೆ ನೋಡಿಕೊಳ್ಳಬೇಕು ಅಂತ ಹೇಳಿಕೊಟ್ಟಾಗ ಆರೈಕೆ ಮಾಡುವವರ ಮಾನಸಿಕ ಒತ್ತಡ ಇಳಿದಿತ್ತು. ನಮ್ಮಲ್ಲಿ ಆ ಆರೈಕೆ ಮಾಡುವವರು ಅಂದ್ರೆ ಸೊಸೆ, ಮಗಳು ಅಥವಾ ತಾನೇ ವಯಸ್ಸಾದ ಹೆಂಡತಿ. ಅವರನ್ನು ‘ನೀವು ಹೇಗಿದ್ದೀರಾ’ ಅಂತ ಕೇಳುವವರು ಯಾರೂ ಇಲ್ಲ.

ಇನ್ನೊಂದು ಸಮಾಧಾನದ ವಿಷಯ. 2024ರ ಲ್ಯಾನ್ಸೆಟ್ ಆಯೋಗದ ವರದಿ ಪ್ರಕಾರ ಜಗತ್ತಿನ ಡಿಮೆನ್ಷಿಯಾ ಪ್ರಕರಣಗಳಲ್ಲಿ ಶೇ 45ರಷ್ಟು ತಡೆಯಬಹುದಾದ ಅಥವಾ ಮುಂದೂಡಬಹುದಾದ 14 ಕಾರಣಗಳಿಗೆ ಸಂಬಂಧಿಸಿದ್ದು. ಬಿಪಿ, ಶುಗರ್, ಸಿಗರೇಟ್, ಅತಿಯಾದ ಕುಡಿತ, ಕಿವುಡುತನ, ದೃಷ್ಟಿದೋಷ, ಒಂಟಿತನ ಎಲ್ಲ ಅದರಲ್ಲಿವೆ. ಇದರಲ್ಲಿ ಅರ್ಧಕ್ಕಿಂತ ಹೆಚ್ಚು ಸಿಸ್ಟರ್ ಈಗಲೇ ನೋಡುತ್ತಿರುವ ವಿಷಯಗಳು.

ಸದ್ಯಕ್ಕೆ ಮನೆಯಲ್ಲಿ ಅನುಮಾನ ಇರುವವರು ಕಾಯಬೇಕಿಲ್ಲ. ಮಾನಸಿಕ ಆರೋಗ್ಯದ ಟೆಲಿ-ಮಾನಸ್ ಸಹಾಯವಾಣಿ 14416, ಹಿರಿಯರ ಸಹಾಯವಾಣಿ 14567, ಎರಡೂ ಉಚಿತ. ಹತ್ತಿರದ ಆರೋಗ್ಯ ಮಂದಿರಕ್ಕೆ ಹೋಗುವಾಗ ಹಿರಿಯರ ಮಾತ್ರೆ ಡಬ್ಬಿಯನ್ನೂ ತಗೊಂಡು ಹೋಗಿ. ಉಳಿದಿರುವ ಮಾತ್ರೆ ಎಷ್ಟು ಅಂತ ಸಿಸ್ಟರ್ ಎದುರಲ್ಲೇ ಎಣಿಸಿ. ನಾವು ಎಣಿಸಲಿಲ್ಲ.